ಬಿಳಿ ಆಕಾಶದ ಕರಿ ಚುಕ್ಕೆ

ನನ್ನ ತಮ್ಮನ ಮಗಳು ಸ್ವಾತಿ ಈಗ ನನ್ನ ಸ್ಟುಡಿಯೊ ನಡೆಸುತ್ತಾಳೆ. ಮೊನ್ನೆ ಅವಳ ಹಿಂದೆ ಕುರ್ಚಿ ಹಾಕಿಕೊಂಡು ಕೂತಿದ್ದೆ. ಕಂಪ್ಯೂಟರಿನಲ್ಲಿ ದೌಲತಾಬಾದ್ ಕೋಟೆಯ ಮುಂದೆ ನಿಂತ ಒಂದು ಕುಟುಂಬದ ಫೋಟೊ ಇತ್ತು; ಮೇಲೆ ಸುಣ್ಣ ಬಳಿದ ಗೋಡೆಯಂಥ ಬಿಳಿ ಆಕಾಶ. ಸ್ವಾತಿ ಒಂದು ಕಡೆ ಒತ್ತಿದಳು, ಇನ್ನೊಂದು ಕಡೆ ಒತ್ತಿದಳು, ಚಹಾದ ಕಪ್ ಎತ್ತಿಕೊಂಡಳು. ಅವಳು ಎರಡು ಗುಟುಕು ಕುಡಿಯುವಷ್ಟರಲ್ಲಿ ಕೋಟೆಯ ಮೇಲೆ ನೀಲಿ ಆಕಾಶ ಬಂದು ಕೂತಿತ್ತು, ಜೊತೆಗೆ ನಾಲ್ಕು ಮೋಡ. ಇದೇ ಕೆಲಸಕ್ಕೆ ನಾನು ಒಂದು ಇಡೀ ಮಧ್ಯಾಹ್ನ ಕೊಡುತ್ತಿದ್ದೆ. ಸಂಜೆ ಕಣ್ಣಿಗೆ ಒದ್ದೆ ಬಟ್ಟೆ ಹಾಕಿಕೊಂಡು ಮಲಗುತ್ತಿದ್ದೆ.

"ಕಾಕಾ, ನೀವು ಇದನ್ನೆಲ್ಲಾ ಹ್ಯಾಂಗ ಮಾಡ್ತಿದ್ರಿ ಅಂತ ಒಮ್ಮೆ ಬರೀರಿ. ನನ್ನ ಕ್ಲಾಸಿಗೆ ಬರೋರಿಗೆ ಹೇಳ್ತೀನಿ" ಎಂದಳು ಸ್ವಾತಿ. ವಾರಕ್ಕೆರಡು ದಿನ ಅವಳು ಎಡಿಟಿಂಗ್ ಕಲಿಸುತ್ತಾಳೆ. "ಆದ್ರ ಬೋರ್ ಮಾಡಬ್ಯಾಡ್ರಿ" ಎಂದು ಸೇರಿಸುವುದನ್ನೂ ಮರೆಯಲಿಲ್ಲ.

ಅವಳ ಕ್ಲಾಸಿನವರಿಗೆ ಕನ್ನಡ ಬರುವುದಿಲ್ಲ. ಸ್ವಾತಿಯೇ ಅಕ್ಷರ ಕೂಡಿಸಿ ಕೂಡಿಸಿ ಓದುತ್ತಾಳೆ. ಆದರೆ ನನಗೆ ಬೇರೆ ಭಾಷೆಯಲ್ಲಿ ವ್ಯವಹಾರ ಮಾಡಲು ಬರುತ್ತದೆಯೇ ಹೊರತು ತಪ್ಪು ಒಪ್ಪಿಕೊಳ್ಳಲು ಬರುವುದಿಲ್ಲ. ಹಾಗಾಗಿ ಕನ್ನಡದಲ್ಲಿ ಬರೆದಿದ್ದೇನೆ, ಮರಾಠಿ ಮಾಡಿ ಹೇಳುವುದು ಅವಳ ಪಾಡು.

ನಾನು ಲೆಕ್ಕವಿಲ್ಲದಷ್ಟು ಆಕಾಶ ಬದಲಿಸಿದ್ದೇನೆ. ಅವುಗಳಲ್ಲಿ ಒಂದನ್ನು ಮಾತ್ರ ಬಿಳಿಯಾಗಿದ್ದ ಹಾಗೆಯೇ ವಾಪಸ್ ಹಾಕಿಕೊಟ್ಟೆ. ಯಾಕೆಂದರೆ ಆ ಆಕಾಶ ಬದಲಿಸುವಾಗ ಒಬ್ಬ ಹೆಣ್ಣುಮಗಳ ಗಂಡನನ್ನು ಅಳಿಸಿಹಾಕಿದ್ದೆ. ಅದು ಕೈತಪ್ಪಿ ಆದದ್ದಲ್ಲ. ನನಗೆ ಕಲಿಸಿದ್ದನ್ನು ಸರಿಯಾಗಿ ಕಲಿತಿದ್ದೆ, ಅದಕ್ಕೇ ಆಯಿತು. ಆದ್ದರಿಂದ ಕಲಿತ ಜಾಗದಿಂದಲೇ ಶುರು ಮಾಡುತ್ತೇನೆ.

ನಾನು ಭಾಲ್ಕಿಯವನು. ಮೀಸೆ ಮೂಡುವ ವಯಸ್ಸಿನಲ್ಲಿ ನಾಶಿಕ್ ಹತ್ತಿರದ ದೇವಳಾಲಿ ಕ್ಯಾಂಪಿಗೆ ಬಂದು ಒಂದು ಫೋಟೊ ಸ್ಟುಡಿಯೊ ಸೇರಿದೆ. ಮಾಲೀಕರು ಮರಾಠಿಯವರು, ಊರೆಲ್ಲ ಅವರನ್ನು ನಾನಾ ಎಂದೇ ಕರೆಯುತ್ತಿತ್ತು. ಗಿರಾಕಿಗಳೆಲ್ಲ ಸೈನ್ಯದ ತೋಪಖಾನೆಯ ಜವಾನರು ಮತ್ತು ಅವರ ಸಂಸಾರದವರು. ಜವಾನರಿಗೆ ಊರಿಗೆ ಕಳಿಸಲು ಫೋಟೊ ಬೇಕು. ಸಮವಸ್ತ್ರದ ಇಸ್ತ್ರಿ ಕಾಣಬೇಕು, ಬೂಟಿನ ಹೊಳಪು ಕಾಣಬೇಕು, ಹಿಂದೆ ನಮ್ಮ ಪರದೆಯ ಮೇಲೆ ಬರೆದ ಹಿಮದ ಬೆಟ್ಟ ಕಾಣಬೇಕು. ಒಬ್ಬ ಜವಾನನ ತಾಯಿ ಆ ಫೋಟೊ ನೋಡಿ, ಮಗನಿಗೆ ಚಳಿಯಾದೀತು ಎಂದು ಎರಡು ಸ್ವೆಟರ್ ಹೆಣೆದು ಕಳಿಸಿದ್ದಳು. ಅವನು ಅವನ್ನು ಏಪ್ರಿಲ್ ಬಿಸಿಲಿನಲ್ಲಿ ತಂದು ನಾನಾ ಅವರ ಮುಂದೆ ಇಟ್ಟು, ನಿಮ್ಮ ಬೆಟ್ಟದ ಪ್ರತಾಪ ನೋಡಿ ಎಂದ. ನಾನಾ ಒಂದು ಸ್ವೆಟರ್ ಇಟ್ಟುಕೊಂಡರು, ಚಳಿಗಾಲದಲ್ಲಿ ಹಾಕಿಕೊಂಡರು ಕೂಡ.

ಹೊರಗೆ ತೆಗೆದ ಫೋಟೊಗಳಲ್ಲಿ ಆಕಾಶ ಯಾವಾಗಲೂ ಬೆಳ್ಳಗೆ ಬರುತ್ತಿತ್ತು. ಮುಖಕ್ಕೆ ಬೆಳಕು ಕೊಟ್ಟರೆ ಆಕಾಶ ಹೋಗುತ್ತದೆ, ಆಕಾಶ ಉಳಿಸಿದರೆ ಮುಖ ಕಪ್ಪಾಗುತ್ತದೆ. ಗಿರಾಕಿ ತನ್ನ ಮುಖಕ್ಕೆ ಬಂದಿರುತ್ತಾನೆ, ಆಕಾಶಕ್ಕಲ್ಲ. ಹಾಗಾಗಿ ಬಿಳಿ ಆಕಾಶದ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಆ ಬಿಳಿಯಲ್ಲಿ ಒಂದು ಕರಿ ಚುಕ್ಕೆ ಇದ್ದರೆ ನಾನಾ ಸಿಡಿಮಿಡಿಗೊಳ್ಳುತ್ತಿದ್ದರು. ಫಿಲ್ಮ್ ತುಂಬುವಾಗ ಧೂಳಿನ ಕಣ ಕೂತಿದ್ದರೆ ಪ್ರಿಂಟಿನಲ್ಲಿ ಅದು ಕಪ್ಪಾಗಿ ಬೀಳುತ್ತದೆ. ಅದನ್ನು ದಾಡಿ ಬ್ಲೇಡಿನ ತುದಿಯಿಂದ, ಉಸಿರು ಹಿಡಿದು, ಕಾಗದ ಹರಿಯದಂತೆ ಕೆರೆದು ತೆಗೆಯಬೇಕು. ಮೊದಲ ವರ್ಷವಿಡೀ ನಾನು ಮಾಡಿದ್ದು ಅದೊಂದೇ ಕೆಲಸ.

"ಬಿಳಿ ಆಕಾಶದಲ್ಲಿ ಕರಿ ಚುಕ್ಕೆ ಕಂಡರೆ ಅದು ಆಕಾಶದ್ದಲ್ಲ, ನಿನ್ನ ಮೈಗಳ್ಳತನದ್ದು" ಎನ್ನುತ್ತಿದ್ದರು ನಾನಾ, ತಮ್ಮ ಮರಾಠಿಯಲ್ಲಿ. ಪ್ರಿಂಟನ್ನು ಕಿಟಕಿಯ ಬೆಳಕಿಗೆ ಹಿಡಿದು ಓರೆ ಮಾಡಿ ನೋಡುತ್ತಿದ್ದರು. ಒಂದು ಚುಕ್ಕೆ ಉಳಿದಿದ್ದರೂ ಅದರ ಸುತ್ತ ಪೆನ್ಸಿಲಿನಿಂದ ಗುಂಡಗೆ ಗೆರೆ ಎಳೆದು ನನ್ನ ಕಡೆಗೆ ತಳ್ಳುತ್ತಿದ್ದರು. ಬೈಯುತ್ತಿರಲಿಲ್ಲ. ಬೈದಿದ್ದರೆ ನಾನು ಒಂದು ವಾರದಲ್ಲಿ ಓಡಿಹೋಗುತ್ತಿದ್ದೆ. ನನ್ನದು ಆಗಲೂ ಮೂಗಿನ ತುದಿಯಲ್ಲೇ ಸಿಟ್ಟು. ಮಧ್ಯಾಹ್ನ ತಮ್ಮ ಡಬ್ಬಿಯ ಜೋಳದ ಭಾಕರಿಯಲ್ಲಿ ಅರ್ಧ ನನ್ನ ತಟ್ಟೆಗೆ ಹಾಕುತ್ತಿದ್ದರು. ಆ ಮನುಷ್ಯನ ಋಣ ನನ್ನ ಮೇಲೆ ಬಹಳ ಇದೆ.

ಆಮೇಲೆ ಮದುವೆಯಾಯಿತು. ಮಾವನ ಮನೆಯವರು ಸಂಭಾಜಿನಗರದಲ್ಲಿದ್ದರು, ಆಗ ಆ ಊರಿಗೆ ಬೇರೆ ಹೆಸರಿತ್ತು. ಅಲ್ಲಿಗೆ ಬಂದು ನನ್ನದೇ ಸ್ಟುಡಿಯೊ ಇಟ್ಟೆ. ಕೆಲವು ವರ್ಷಗಳಲ್ಲಿ ಕಂಪ್ಯೂಟರ್ ಬಂತು. ಅದನ್ನು ತಂದ ದಿನ ಹೆಂಡತಿ ಅದಕ್ಕೆ ಕುಂಕುಮ ಹಚ್ಚಿ ತೆಂಗಿನಕಾಯಿ ಒಡೆದಳು. ನಾನು ಮೂರು ದಿನ ಅದನ್ನು ಮುಟ್ಟಲು ಹೆದರಿದೆ.

ಕಲಿತ ಮೇಲೆ ಮಾತ್ರ ನನ್ನನ್ನು ಹಿಡಿಯುವವರೇ ಇರಲಿಲ್ಲ. ಆಕಾಶ ಬದಲಿಸುವುದು ನನ್ನ ಹೆಚ್ಚುಗಾರಿಕೆಯಾಯಿತು. ಕಟ್ಟಡದ ನೇರ ಅಂಚಾದರೆ ಸುಲಭ. ಗಿಡವಿದ್ದರೆ ಪ್ರಾಣ ಹೋಗುತ್ತದೆ: ಎಲೆ ಎಲೆಯ ನಡುವೆಯೂ ಬಿಳಿ ಇರುತ್ತದೆ, ತೆಗೆಯದಿದ್ದರೆ ಬೇವಿನ ಗಿಡಕ್ಕೆ ಹಿಟ್ಟು ಉದುರಿಸಿದಂತೆ ಕಾಣುತ್ತದೆ. ಹೆಂಗಸರ ಹಾರುವ ಕೂದಲಿನ ಅಂಚು ಅದಕ್ಕಿಂತ ಕಷ್ಟ. ಸ್ವಾತಿಯ ಕ್ಲಾಸಿನವರಿಗೆ ಇಷ್ಟು ಹೇಳುತ್ತೇನೆ, ಯಂತ್ರ ಎಷ್ಟೇ ಚುರುಕಾದರೂ ನೆಲ ಮುಟ್ಟುವ ಕಡೆ ಆಕಾಶ ತಿಳಿಯಾಗಿರಬೇಕು, ಮೇಲೆ ಹೋದಂತೆ ಗಾಢವಾಗಬೇಕು. ಮತ್ತು ನೆರಳು ನೋಡದೆ ಸೂರ್ಯನನ್ನು ಇಡಬಾರದು. ನಾನು ಒಮ್ಮೆ ದೌಲತಾಬಾದಿನ ಧಾಬಾದವರೊಬ್ಬರಿಗೆ ಅವರ ಅಂಗಡಿಯ ಹಿಂದೆ ಕೆಂಪು ಸೂರ್ಯಾಸ್ತ ಹಾಕಿಕೊಟ್ಟೆ. ಬೋರ್ಡು ಮಾಡಿಸಿ ರಸ್ತೆಗೆ ನಿಲ್ಲಿಸಿದರು. ನನ್ನನ್ನು ನೋಡಲು ದೇವಳಾಲಿಯಿಂದ ಬಂದ ನಾನಾ ಬಸ್ಸಿನಿಂದ ಇಳಿದವರೇ ಕೇಳಿದರು, ಸೂರ್ಯ ಹಿಂದೆ ಮುಳುಗುತ್ತಿದ್ದಾನೆ, ಜನರ ನೆರಳು ನಟ್ಟನಡು ಮಧ್ಯಾಹ್ನದಂತೆ ಕಾಲಡಿ ಇದೆ, ನಿಮ್ಮ ಊರಿಗೆ ಎಷ್ಟು ಸೂರ್ಯರು ಎಂದು. ಧಾಬಾದವರಿಗೆ ಗೊತ್ತಾಗಲೇ ಇಲ್ಲ, ಪುಣ್ಯಕ್ಕೆ.

ಆಕಾಶಗಳನ್ನು ನಾನೇ ತೆಗೆದು ಕೂಡಿಹಾಕುತ್ತಿದ್ದೆ. ಶ್ರಾವಣದಲ್ಲಿ ಮಳೆ ಬಿಟ್ಟ ಕೂಡಲೇ ಸ್ಕೂಟರ್ ಹತ್ತಿ ಖುಲ್ತಾಬಾದ್ ಘಾಟಿಗೆ ಓಡುತ್ತಿದ್ದೆ. ಅಲ್ಲಿ ತೆಗೆದ ಒಂದು ಆಕಾಶ ನನಗೆ ಬಹಳ ಪ್ರೀತಿಯದು. ಅದರಲ್ಲಿ ಎಮ್ಮೆ ಮಲಗಿದಂಥ ಒಂದು ಮೋಡವಿತ್ತು. ಹಾಕಿದ ಕಡೆಯೆಲ್ಲ ಒಪ್ಪುತ್ತಿತ್ತು, ಹಾಗಾಗಿ ಹಾಕಿದ್ದೇ ಹಾಕಿದ್ದು. ಒಂದು ದಿನ ಕಲಬುರಗಿ ಕಡೆಯ ಇಬ್ಬರು ವ್ಯಾಪಾರಸ್ಥರು, ಹೊಸದಾಗಿ ಬೀಗರಾಗುವವರು, ನಾನೇ ಮಾಡಿಕೊಟ್ಟಿದ್ದ ಎರಡು ಆಲ್ಬಮ್ ಹೊತ್ತು ಅಂಗಡಿಗೆ ಬಂದರು. ಹೆಣ್ಣಿನ ಅಕ್ಕನ ಮದುವೆ ನಾಶಿಕದಲ್ಲಿ ಬೇಸಿಗೆಯಲ್ಲಿ ಆದದ್ದು, ಗಂಡಿನ ಅಣ್ಣನ ಮದುವೆ ಇಲ್ಲಿ ಚಳಿಗಾಲದಲ್ಲಿ ಆದದ್ದು. ಎರಡೂ ಜೋಡಿಯ ಹಿಂದೆ ಅದೇ ಎಮ್ಮೆ.

"ಏನ್ರೀ ಸಾಹುಕಾರ್ರ, ಈ ಮೋಡಕ್ಕ ಎಲ್ಲಾ ಲಗ್ನದ ಕಾರ್ಡ್ ಕೊಡ್ತಾರೇನ್ರಿ?" ಎಂದು ಹೆಣ್ಣಿನ ತಂದೆ ಕೇಳಿದರು. ನನ್ನ ಮುಖ ಇಂಗು ತಿಂದ ಮಂಗನಂತಾಯಿತು. ಅವರು ಬೈಯಲಿಲ್ಲ. ಇದೇ ಶುಭಶಕುನ, ನಮ್ಮ ಮದುವೆಗೂ ಅದನ್ನೇ ಕರೆಸಿ ಎಂದು ನಕ್ಕು ಚಹಾ ಕುಡಿದು ಹೋದರು. ಆ ಮದುವೆಯ ಆಲ್ಬಮ್ಮಿಗೆ ಮಾತ್ರ ಹೊಸ ಆಕಾಶ ಹಾಕಿದೆ. ಎಮ್ಮೆಯನ್ನು ನಿವೃತ್ತಿ ಮಾಡಿದೆ.

ಇಂಥ ತಪ್ಪುಗಳನ್ನು ನಗುತ್ತ ಹೇಳಬಹುದು. ಮಹಾದೇವಿಯದನ್ನು ಹಾಗೆ ಹೇಳಲು ಬರುವುದಿಲ್ಲ.

ಮಹಾದೇವಿ ಚಿಂಚೋಳಿ ಕಡೆಯವಳು. ಕಟ್ಟಡ ಕೆಲಸಕ್ಕೆಂದು ಗಂಡನ ಜೊತೆ ಬಂದು, ಗಂಡ ತೀರಿದ ಮೇಲೂ ಇಲ್ಲೇ ಇಟ್ಟಿಗೆ ಹೊತ್ತು ಮಗಳನ್ನು ಬೆಳೆಸಿದವಳು. ಆ ಮಗಳು ಪೂಜಾಳ ಮದುವೆಗೆ ಹತ್ತು ದಿನ ಇರುವಾಗ ಒಂದು ಫ್ರೇಮನ್ನು ಸೆರಗಿನಲ್ಲಿ ಸುತ್ತಿಕೊಂಡು ಅಂಗಡಿಗೆ ಬಂದಳು. ಕಟ್ಟುತ್ತಿರುವ ಒಂದು ಎತ್ತರದ ಕಟ್ಟಡದ ಮುಂದೆ ಅವಳು ನಿಂತಿದ್ದಾಳೆ, ಕಂಕುಳಲ್ಲಿ ಕೂಸು. ಸೈಟಿನ ಸುಪರ್ವೈಜರ್ ಯಾವಾಗಲೋ ತೆಗೆದುಕೊಟ್ಟದ್ದು. ತಗಡಿನ ಶೆಡ್ಡಿನ ಗೋಡೆಗೆ ತೂಗಿ ತೂಗಿ ತೇವ ಹಿಡಿದು, ಫೋಟೊದ ಮೇಲಿನ ಭಾಗ ಗಾಜಿಗೆ ಅಂಟಿಕೊಂಡುಬಿಟ್ಟಿತ್ತು.

"ಇದನ್ನ ದೊಡ್ಡದು ಮಾಡಿ ಕೊಡ್ರಿ ಅಣ್ಣಾರ. ಅರಿಶಿಣ ಹಚ್ಚೂಕಿಂತ ಮೊದಲ ಇದಕ್ಕ ಮಾಲಿ ಹಾಕಿ ಪೂಜಾ ನಮಸ್ಕಾರ ಮಾಡಬೇಕು" ಎಂದಳು.

ನಾನು ಅಲ್ಲಿ ಕೇಳಬೇಕಿತ್ತು. ಬದುಕಿರುವ ತಾಯಿಯ ಫೋಟೊಕ್ಕೆ ಯಾರಾದರೂ ಮಾಲೆ ಹಾಕುತ್ತಾರೆಯೇ? ಆದರೆ ನನ್ನ ಕಣ್ಣು ಆಗಲೇ ಆಕಾಶದ ಮೇಲೆ ಹೋಗಿತ್ತು. "ಆಕಾಶ ಬೆಳ್ಳಗಾಗ್ಯದ ನೋಡವ್ವ, ಚಂದಾಗಿ ನೀಲಿ ಮಾಡಿ ಕೊಡ್ತೀನಿ" ಎಂದೆ, ದೊಡ್ಡ ಉಪಕಾರ ಮಾಡುವವನ ಹಾಗೆ.

"ನೀವು ತಿಳದವರು. ಹ್ಯಾಂಗ ಛಲೋ ಕಾಣ್ತದೋ ಹಂಗ ಮಾಡ್ರಿ" ಎಂದಳು ಮಹಾದೇವಿ.

ಗಾಜಿನ ಮೇಲ್ಮೂಲೆಯಲ್ಲಿ ದಪ್ಪಗೆ ವಿಭೂತಿ ಹತ್ತಿತ್ತು. ದೇವರ ಗೂಡಿನ ಹತ್ತಿರ ಇಟ್ಟಿರಬೇಕೆಂದುಕೊಂಡು ಬಟ್ಟೆಯಿಂದ ಒರೆಸಿದೆ. ಗಾಜಿನ ಸಮೇತ ಸ್ಕ್ಯಾನ್ ಮಾಡಿದೆ. ಆಮೇಲೆ ಫೋಟೊ ಬಿಡಿಸಲು ಹೋದರೆ ಕಾಗದ ಹರಿದು, ಮೇಲಿನ ಅರ್ಧ ಗಾಜಿಗೇ ಉಳಿಯಿತು. ಸ್ಕ್ಯಾನ್ ಇದೆಯಲ್ಲ ಎಂಬ ಧೈರ್ಯದಲ್ಲಿ ಹರಿದ ಕಾಗದ ಎಸೆದೆ, ಗಾಜನ್ನು ಹಿಂದುಗಡೆಯ ಒಡಕು ಗಾಜಿನ ಪೆಟ್ಟಿಗೆಗೆ ಹಾಕಿದೆ.

ಕಂಪ್ಯೂಟರಿನಲ್ಲಿ ತೆರೆದಾಗ ಬಿಳಿ ಆಕಾಶದಲ್ಲಿ, ಕಟ್ಟಡದ ತುದಿಯ ಹತ್ತಿರ ಒಂದು ಕರಿ ಚುಕ್ಕೆ. ಎಳ್ಳಿನಷ್ಟು. ಪಕ್ಕದಲ್ಲಿ ಬೂಷ್ಟಿನ ಇನ್ನೂ ಐದಾರು ಚುಕ್ಕೆಗಳಿದ್ದವು. ಎಲ್ಲವನ್ನೂ ತೆಗೆದೆ. ದೇವಳಾಲಿಯಲ್ಲಿ ಬ್ಲೇಡು ಹಿಡಿದಾಗಿನಿಂದ ಈ ಕೈ ಬಿಳಿಯ ಮೇಲೆ ಕಪ್ಪು ಕಂಡರೆ ಕೇಳದೆಯೇ ಹೋಗುತ್ತದೆ. ಆಮೇಲೆ ಮಳೆ ಬಿಟ್ಟ ಮೇಲಿನ ಒಳ್ಳೆಯ ನೀಲಿ ಆಕಾಶ ಕೂಡಿಸಿ, ಅದೇ ಫೈಲಿನ ಮೇಲೆ ಸೇವ್ ಮಾಡಿ, ಮೊದಲಿನದನ್ನು ಇಟ್ಟುಕೊಳ್ಳದೆ ಎದ್ದುಬಿಟ್ಟೆ. ನನ್ನ ಕೆಲಸದ ಬಗ್ಗೆ ಅಂದು ನನಗೆ ಬಹಳ ಹೆಮ್ಮೆಯಿತ್ತು.

ಮದುವೆಗೆ ನಾಲ್ಕು ದಿನ ಇದೆ ಎನ್ನುವಾಗ ತಾಯಿ ಮಗಳು ಬಂದರು. ದೊಡ್ಡ ಫ್ರೇಮಿನ ಮೇಲಿನ ಕಾಗದ ತೆಗೆದು ಅವರ ಕಡೆ ತಿರುಗಿಸಿದೆ. ಮಹಾದೇವಿ ತನ್ನನ್ನಾಗಲಿ ಕೂಸನ್ನಾಗಲಿ ನೋಡಲಿಲ್ಲ. ಅವಳ ಬೆರಳು ನೇರ ಮೇಲ್ಮೂಲೆಗೆ ಹೋಯಿತು. ಅಲ್ಲಿ ನಿಂತಿತು. ಆಚೆ ಈಚೆ ಸರಿಯಿತು.

"ನಮ್ಮವರು ಎಲ್ಲದಾರ್ರಿ?" ಎಂದಳು.

"ಯಾರವ್ವ?"

"ಪೂಜಾನ ಅಪ್ಪ. ಇಲ್ಲೇ ಇದ್ದರಲ್ರೀ, ಮ್ಯಾಲ."

ನನಗೆ ಸಿಟ್ಟು ಬಂತು. ತಪ್ಪು ಮಾಡಿದವನಿಗೆ ಮೊದಲು ಬರುವುದೇ ಅದು. "ಅಲ್ಲಿ ಯಾರೂ ಇರಲಿಲ್ಲವ್ವ. ಒಂದು ಕರಿ ಚುಕ್ಕಿ ಇತ್ತು, ತೆಗದೀನಿ" ಎಂದೆ.

"ಆ ಚುಕ್ಕಿನೇ ನಮ್ಮವರು, ಅಣ್ಣಾರ" ಎಂದಳು ಮಹಾದೇವಿ. ದನಿ ಏರಿಸಲಿಲ್ಲ.

ಆಮೇಲೆ ಒಂದೊಂದಾಗಿ ಹೇಳಿದಳು. ಅಂದು ಗಂಡ ಶರಣಪ್ಪ ಮೇಲಿನ ಸ್ಲ್ಯಾಬಿನ ಅಂಚಿನಲ್ಲಿ ಕೆಲಸ ಮಾಡುತ್ತಿದ್ದ. ಸುಪರ್ವೈಜರ್ ಫೋಟೊ ತೆಗೆಯುತ್ತೇನೆಂದಾಗ ಇಳಿದು ಬರಲು ಹೊತ್ತಿರಲಿಲ್ಲ. ನೀ ನಿಂತುಕೋ, ನಾ ಇಲ್ಲಿಂದಲೇ ಫೋಟೊದಲ್ಲಿ ಬರುತ್ತೇನೆ ಎಂದು ಮೇಲಿನಿಂದ ಕೂಗಿದನಂತೆ. ಅದೇ ವರ್ಷ ಕಾಮಾಲೆಯಾಗಿ ತೀರಿಕೊಂಡ. ವೋಟರ್ ಕಾರ್ಡಿನ ಫೋಟೊ ಒಂದಿದೆ, ಆದರೆ ಅದನ್ನು ನೋಡಿದರೆ ನಮ್ಮವರೆಂದು ಹೇಳಲು ಬರುವುದಿಲ್ಲ ಎಂದಳು. "ನಾವು ಮೂವರೂ ಕೂಡಿ ಇದ್ದದ್ದು ಇದೊಂದರಾಗೇ ರೀ. ದಿನಾ ಮುಂಜಾನೆ ವಿಭೂತಿ ಹಚ್ಚಿ ಕೆಲಸಕ್ಕ ಹೋಗ್ತಿದ್ದೆ."

ನಾನು ಒರೆಸಿದ್ದ ವಿಭೂತಿ ಆಗ ನೆನಪಾಯಿತು.

ಪೂಜಾ ಇಲ್ಲಿಯೇ ಬೆಳೆದವಳು. ಕನ್ನಡ ತಿಳಿಯುತ್ತದೆ, ಬಾಯಿಗೆ ಬರುವುದು ಮರಾಠಿ. ಅವಳು, "ಕಾಕಾ, ನಿಳಂ ಆಕಾಶ ನಕೋ ಮಲಾ. ಪಪ್ಪಾ ಪಾಹಿಜೇತ" ಎಂದಳು. ನೀಲಿ ಆಕಾಶ ಬೇಡ, ಅಪ್ಪ ಬೇಕು. ಸುಲಭದ ಬೇಡಿಕೆ. ಅದಕ್ಕೆ ನನ್ನ ಹತ್ತಿರ ಯಾವ ಬಟನ್ನೂ ಇರಲಿಲ್ಲ.

ಕಂಪ್ಯೂಟರಿನಲ್ಲಿ ಹಳೆಯ ಫೈಲ್ ಎಲ್ಲಾದರೂ ಉಳಿದಿದೆಯೇ ಎಂದು ಹುಡುಕಿದೆ. ಎಲ್ಲಿಯೂ ಇರಲಿಲ್ಲ. ಆಗ ಗಾಜು ನೆನಪಾಯಿತು. ಕಾಗದ ಹರಿದಾಗ ಮೇಲಿನ ಅರ್ಧ, ಅಂದರೆ ಆಕಾಶ, ಗಾಜಿಗೇ ಅಂಟಿತ್ತಲ್ಲ? ಹಿಂದುಗಡೆಗೆ ಓಡಿದೆ. ನನ್ನ ವಯಸ್ಸಿನವನು ಓಡಿದ್ದನ್ನು ನೋಡಿ ಅವರಿಬ್ಬರೂ ನನ್ನ ಹಿಂದೆ ಬಂದರು. ಪೆಟ್ಟಿಗೆ ಖಾಲಿಯಾಗಿತ್ತು.

ನನ್ನ ಪಕ್ಕದ ಅಂಗಡಿ ಫ್ರೇಮ್ ಕಟ್ಟುವ ರಫೀಕ್‌ಭಾಯಿಯದು. ನನ್ನ ಪೆಟ್ಟಿಗೆಯ ಒಳ್ಳೆಯ ಗಾಜುಗಳನ್ನು ಅವರು ಆರಿಸಿಕೊಂಡು ಸಣ್ಣ ಫ್ರೇಮಿಗೆ ಕತ್ತರಿಸಿಕೊಳ್ಳುವುದು ನಮ್ಮ ಹಳೆಯ ಒಪ್ಪಂದ. ಹೋಗಿ ಕೇಳಿದೆ.

"ವೋ ಪುರಾನಾ ಮೋಟಾ ಕಾಂಚ್? ಪಾನೀ ಮೇ ಡಾಲಾ ಹೂಂ. ಕಾಗಜ್ ಚಿಪ್ಕಾ ಥಾ ನಾ" ಎಂದರು ರಫೀಕ್‌ಭಾಯಿ. ಅಂಟಿದ ಕಾಗದ ಬಿಡಲೆಂದು ನೀರಿಗೆ ಹಾಕಿದ್ದರು. ಒಂದು ಕೈಯಲ್ಲಿ ಗಾಜು ಕೆರೆಯುವ ಬ್ಲೇಡು ಹಿಡಿದುಕೊಂಡೇ ಮಾತಾಡುತ್ತಿದ್ದರು.

ನಾನು ಆ ಬ್ಲೇಡನ್ನು ಕಿತ್ತುಕೊಂಡುಬಿಟ್ಟೆ. ಪ್ಲಾಸ್ಟಿಕ್ ತೊಟ್ಟಿಯ ನೀರಿನಲ್ಲಿ ನಾಲ್ಕೈದು ಗಾಜುಗಳಿದ್ದವು. ನಮ್ಮದು ಎಲ್ಲಕ್ಕಿಂತ ಕೆಳಗೆ. ಅದರ ಕಾಗದವೆಲ್ಲ ಬಿಟ್ಟು ನೀರಿನ ಮೇಲೆ ತೇಲುತ್ತಿತ್ತು. ಮುಗಿಯಿತು ಎಂದುಕೊಂಡೆ. ಆದರೂ ಗಾಜನ್ನು ಎರಡೂ ಕೈಯಲ್ಲಿ ಎತ್ತಿ ಬೆಳಕಿಗೆ ಹಿಡಿದೆ. ಕಾಗದ ಹೋಗಿತ್ತು, ಆದರೆ ಅದರ ಮೇಲಿನ ಚಿತ್ರದ ತೆಳು ಪೊರೆ, ಹಾಲಿನ ಕೆನೆಯಂಥದ್ದು, ಗಾಜಿಗೇ ಹಿಡಿದುಕೊಂಡಿತ್ತು. ಕಟ್ಟಡದ ತುದಿ ಕಂಡಿತು. ಅದರ ಪಕ್ಕದಲ್ಲಿ, ಅಂಚಿನ ಮೇಲೆ, ಒಬ್ಬ ಮನುಷ್ಯ ನಿಂತಿದ್ದ.

"ಹಾಂ, ಅವರೇ" ಎಂದಳು ಮಹಾದೇವಿ ನನ್ನ ಹೆಗಲ ಹಿಂದಿನಿಂದ. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಅಲ್ಲೇ ಕೂತುಬಿಟ್ಟಳು. ನಾನೂ ಅತ್ತೆ. ರಫೀಕ್‌ಭಾಯಿ ಏನೆಂದು ತಿಳಿಯದೆ ಮೂವರಿಗೂ ನೀರು ತಂದುಕೊಟ್ಟರು.

ಗಾಜನ್ನು ಫ್ಯಾನಿನ ಕೆಳಗಲ್ಲ, ನೆರಳಿನಲ್ಲಿ ಇಟ್ಟು ಒಣಗಿಸಿದೆ. ಹಿಂದೆ ಒಂದು ಬಿಳಿ ಹಾಳೆ ಇಟ್ಟಾಗ ಆಕಾಶ ಮೊದಲಿನಂತೆ ಬೆಳ್ಳಗಾಯಿತು. ಸ್ಕ್ಯಾನ್ ಮಾಡಿ, ನನ್ನ ನೀಲಿಯನ್ನು ಕಿತ್ತುಹಾಕಿ, ಆ ಬಿಳಿಯನ್ನು ತಾಯಿ ಮಗಳ ಮೇಲೆ ಜೋಡಿಸಿದೆ. ಎರಡು ದಿನ ಹಿಡಿಯಿತು. ನನ್ನ ಇಡೀ ವೃತ್ತಿಯಲ್ಲಿ ಅಷ್ಟು ಜೋಪಾನವಾಗಿ ಮಾಡಿದ ಕೆಲಸ ಇನ್ನೊಂದಿಲ್ಲ. ಬೂಷ್ಟಿನ ಚುಕ್ಕೆಗಳನ್ನೂ ಮುಟ್ಟಲಿಲ್ಲ, ಯಾವುದು ಯಾರಿಗೆ ಏನೋ ಎಂದು ಹೆದರಿಕೆ. ದೊಡ್ಡದು ಮಾಡಿದಾಗ ಶರಣಪ್ಪನ ಮುಖವೇನೂ ತಿಳಿಯಲಿಲ್ಲ, ಆದರೆ ಒಂದು ಕೈ ಹಣೆಯ ಹತ್ತಿರ ಇದ್ದದ್ದು ಕಂಡಿತು. ಬಿಸಿಲಿಗೆ ಕೈ ಅಡ್ಡ ಹಿಡಿದು ಕೆಳಗೆ ನೋಡುತ್ತಿದ್ದ.

ಫೋಟೊ ಒಯ್ಯಲು ಬಂದಾಗ ಮಹಾದೇವಿಗೆ, "ನನ್ನ ತಪ್ಪು ಹೊಟ್ಟ್ಯಾಗ ಹಾಕ್ಕೋ ತಂಗಿ" ಎಂದೆ.

"ಇರ್ಲಿ ಬಿಡ್ರಿ ಅಣ್ಣಾರ. ಲಗ್ನಕ್ಕ ಮಾತ್ರ ನೀವು ಬರ್ಲೇಬೇಕು" ಎಂದಳು.

ನಾನಾ ಆಗ ಇನ್ನೂ ಇದ್ದರು, ದೇವಳಾಲಿಯಲ್ಲಿ ಮಗಳ ಮನೆಯಲ್ಲಿ. ಮನಸ್ಸು ತಡೆಯದೆ ಫೋನ್ ಮಾಡಿ ಎಲ್ಲ ಹೇಳಿದೆ. "ಚುಕ್ಕೆ ಕೆರೆಯುವುದನ್ನು ಕಲಿಸಿದೆ, ಚುಕ್ಕೆ ಯಾರೆಂದು ಕೇಳುವುದನ್ನು ಕಲಿಸಲಿಲ್ಲ. ಅರ್ಧ ತಪ್ಪು ನನ್ನ ಹೆಸರಿಗೆ ಹಾಕಿಕೋ" ಎಂದರು. ಆ ಮನುಷ್ಯ ಕೊನೆಯವರೆಗೂ ಹಾಗೆಯೇ, ಅರ್ಧ ಭಾಕರಿ ಕೊಟ್ಟ ಹಾಗೆ ಅರ್ಧ ತಪ್ಪನ್ನೂ ತೆಗೆದುಕೊಂಡರು.

ಮದುವೆ ಊರ ಹೊರಗೆ, ಶೆಡ್ಡುಗಳ ಮುಂದಿನ ಬಯಲಿನಲ್ಲಿ ಹಾಕಿದ ಪೆಂಡಾಲಿನಲ್ಲಿ ನಡೆಯಿತು. ಫೋಟೊ ತೆಗೆಯಲು ಸ್ವಾತಿಯನ್ನು ಕರೆದುಕೊಂಡು ಹೋದೆ. ಅವಳಿನ್ನೂ ನನ್ನ ಹತ್ತಿರ ಕಲಿಯುತ್ತಿದ್ದ ಕಾಲ ಅದು. ನಡೆದದ್ದನ್ನು ಅವಳಿಗೆ ಹೇಳಿರಲಿಲ್ಲ. ಹೇಳಲು ನಾಚಿಕೆಯಾಗಿತ್ತು.

ಒಂದು ಕುರ್ಚಿಯ ಮೇಲೆ ಹೊಸ ಖಣ ಹಾಸಿ ಫ್ರೇಮ್ ಇಟ್ಟು ಮಾಲೆ ಹಾಕಿದ್ದರು. ಮಹಾದೇವಿ ಮೂರು ಬೆರಳನ್ನು ವಿಭೂತಿಯಲ್ಲಿ ಅದ್ದಿದಳು. ಯಾರೊಂದಿಗೋ ಮಾತಾಡುತ್ತ, ಫ್ರೇಮಿನ ಕಡೆ ತಿರುಗಿಯೂ ನೋಡದೆ ಕೈ ಚಾಚಿದಳು. ಬೆರಳು ಮೇಲ್ಮೂಲೆಯಲ್ಲಿ ಸರಿಯಾಗಿ ಶರಣಪ್ಪನ ಹತ್ತಿರ ಹೋಗಿ ನಿಂತಿತು. ಪೂಜಾ ಬಗ್ಗಿ ನಮಸ್ಕಾರ ಮಾಡಿದಳು. ಎದ್ದವಳು, "ಅಪ್ಪಾ, ಹೋಗಿ ಬರ್ತೀನಿ" ಎಂದಳು, ಕನ್ನಡದಲ್ಲಿ.

ಸ್ವಾತಿ ಕ್ಯಾಮೆರಾ ಕಣ್ಣಿಗೆ ಹಿಡಿದಳು, ಇಳಿಸಿದಳು. "ಕಾಕಾ, ಗಾಜಿನ ಮ್ಯಾಲ ಡಾಗ ಅದ ನೋಡ್ರಿ. ಬೆಳ್ಳಗ ಹೊಳೀಲಿಕತ್ತದ" ಎಂದು ಬ್ಯಾಗಿನಿಂದ ಮೆತ್ತನೆಯ ಬಟ್ಟೆ ತೆಗೆದುಕೊಂಡು ಗಾಜು ಒರೆಸಲು ಬಗ್ಗಿದಳು. ಶಾಣ್ಯಾ ಹುಡುಗಿ. ನಾನು ಕಲಿಸಿದ್ದನ್ನು ಸರಿಯಾಗಿ ಕಲಿತಿದ್ದಳು.

ನಾನು ಅವಳ ಕೈ ಹಿಡಿದೆ. "ಒರಸಬ್ಯಾಡವ್ವ. ಮೊದಲ ಅದು ಯಾರಂತ ಕೇಳು" ಎಂದೆ.

ಸ್ವಾತಿ ನನ್ನ ಮುಖ ನೋಡಿದಳು, ಬಟ್ಟೆ ಬ್ಯಾಗಿಗೆ ಹಾಕಿದಳು. ಆಮೇಲೆ ಮಹಾದೇವಿಯ ಪಕ್ಕದಲ್ಲಿ ಮೊಣಕಾಲೂರಿ ಕೂತು, ಅದು ಯಾರೆಂದು ತನಗೆ ಬರುವಷ್ಟು ಕನ್ನಡದಲ್ಲಿ ಕೇಳಿದಳು.